ಸ್ಪಷ್ಟನೆ: ಸೋನಿ ನಿಲ್ಲಿಸಿದ್ದು ಖಾಲಿ ಬ್ಲೂ-ರೇ ಡಿಸ್ಕ್, ಸಿನಿಮಾ ಡಿಸ್ಕ್ ಅಲ್ಲ

'ಸೋನಿ ಬ್ಲೂ-ರೇ (ಡಿವಿಡಿಯಂಥದ್ದೇ, ಅದಕ್ಕಿಂತ ಹೆಚ್ಚು ಹಿಡಿಸುವ ಡಿಸ್ಕ್) ನಿಲ್ಲಿಸಿತು, ಇನ್ನು ಸಿನಿಮಾ ಡಿಸ್ಕ್ ಸಿಗಲ್ಲ' ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನಾನೂ ಅದನ್ನು ಎರಡು ಗುಂಪುಗಳಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

2025ರ ಜನವರಿಯಲ್ಲಿ ಸೋನಿಯೇ ಕೊಟ್ಟ ಪ್ರಕಟಣೆಯಲ್ಲಿ ಇರುವುದು ಇಷ್ಟು: ನಾವೇ ರೆಕಾರ್ಡ್ ಮಾಡಿಕೊಳ್ಳುವ ಖಾಲಿ ಬ್ಲೂ-ರೇ ಡಿಸ್ಕ್, ಹಾಡು, ಧ್ವನಿ ರೆಕಾರ್ಡಿಂಗ್‌ಗೆ ಬಳಸುವ ಪುಟ್ಟ ಮಿನಿಡಿಸ್ಕ್, ಹಳೆಯ ವಿಡಿಯೊ ಕ್ಯಾಮೆರಾಗಳ ಮಿನಿ ಡಿವಿ ಕ್ಯಾಸೆಟ್. ಇವುಗಳ ತಯಾರಿಕೆ ಫೆಬ್ರವರಿಗೆ ಕೊನೆ. ಸಿನಿಮಾ ಡಿಸ್ಕಿನ ಮಾತೇ ಅದರಲ್ಲಿಲ್ಲ.

ಖಾಲಿ ಬ್ಲೂ-ರೇ, ಸಿನಿಮಾ ಬ್ಲೂ-ರೇ ಎರಡೂ ನೋಡೋಕೆ ಒಂದೇ ಥರ, ಗೊಂದಲ ಆಗೋದು ಸಹಜ. ಆದರೆ ತಯಾರಾಗುವ ರೀತಿ ಬೇರೆ. ಖಾಲಿ ಡಿಸ್ಕಿನಲ್ಲಿ ಒಂದು ತೆಳು ಪದರ ಇರುತ್ತದೆ. ನಮ್ಮ ಮನೆಯ ಡ್ರೈವ್‌ನ ಲೇಸರ್ ಅದರ ಮೇಲೆ ಗುರುತು ಮೂಡಿಸುತ್ತಾ ಬರೆಯುತ್ತದೆ. ಸಿನಿಮಾ ಡಿಸ್ಕನ್ನು ಹಾಗೆ ಬರೆಯುವುದಿಲ್ಲ. ಕರಗಿದ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬಿ ಒತ್ತುತ್ತಾರೆ. ಅಚ್ಚಿನ ಲೋಹದ ತಟ್ಟೆಯಲ್ಲಿರುವ ಸಣ್ಣ ಸಣ್ಣ ಗುಂಡಿ ಉಬ್ಬುಗಳು ಒಂದೇ ಏಟಿಗೆ ಡಿಸ್ಕಿಗೆ ಇಳಿಯುತ್ತವೆ. ಮೇಲೆ ಬೆಳಕು ಪ್ರತಿಫಲಿಸುವ ಲೋಹದ ಲೇಪ. ಪ್ಲೇಸ್ಟೇಷನ್ ಗೇಮ್ ಡಿಸ್ಕುಗಳೂ ಹೀಗೇ ಒತ್ತಿ ಮಾಡಿದವು.

ಖಾಲಿ ಡಿಸ್ಕ್ ಕೂಡ ಪೂರ್ತಿ ನಿಂತಿಲ್ಲ. ತಾನು ಮುಂದುವರಿಸುವುದಾಗಿ ಖಾಲಿ ಡಿಸ್ಕ್ ಮಾರುವ ಇನ್ನೊಂದು ಕಂಪನಿ ವರ್ಬೇಟಿಮ್ ಹೇಳಿದೆ. ಡಿಸ್ಕ್ ವ್ಯಾಪಾರ ಮೊದಲಿಗಿಂತ ಎಷ್ಟೋ ಇಳಿದಿದೆ ಅನ್ನೋದು ನಿಜ, ಬೇಜಾರಿನ ವಿಷಯ. ಆದರೆ ಇಳಿಯೋದೇ ಬೇರೆ, ನಿಲ್ಲೋದೇ ಬೇರೆ ಅಲ್ವಾ?

ದಯವಿಟ್ಟು ಆ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.