ಸೋಡಿಯಂಗೆ ಖುಷಿಯೇನೂ ಇಲ್ಲ

ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಹೇಗೆ ಆಗುತ್ತದೆ ಎಂಬ ನಿಮ್ಮ ಬರಹದಲ್ಲಿ, ಸೋಡಿಯಂ ತನ್ನ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ‘ಖುಷಿಯಿಂದ’ ಕೊಡುತ್ತದೆ ಅಂತ ಬರೆದಿದ್ದೀರಿ. ಖುಷಿ ಎಲ್ಲಿಂದ ಬರಬೇಕು ಮಾರಾಯ್ರೆ! ಒಂದು ಮೋಲ್ (ರಸಾಯನಶಾಸ್ತ್ರದಲ್ಲಿ ಕಣಗಳನ್ನು ಎಣಿಸುವ ದೊಡ್ಡ ಲೆಕ್ಕದ ಘಟಕ) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ಬೇಕು, ಕ್ಲೋರಿನ್ ಪರಮಾಣುಗಳು ಅದನ್ನು ಪಡೆದಾಗ ಸಿಗುವುದು 349 ಮಾತ್ರ. ಅಲ್ಲಿಗೆ 147 ನಷ್ಟ. ಅದನ್ನು ತುಂಬಿಕೊಡುವುದು ಹರಳು: ಪ್ರತಿ ಸೋಡಿಯಂ ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡು ವಿದ್ಯುದಾವೇಶ ಬಂದ ಪರಮಾಣುವಿನ) ಸುತ್ತ ಆರು ಕ್ಲೋರೈಡ್ (ಎಲೆಕ್ಟ್ರಾನ್ ಪಡೆದ ಕ್ಲೋರಿನ್), ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ ಕೂತಾಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ಹರಳಿನಲ್ಲಿ ಒಂದು ಸೋಡಿಯಂ, ಒಂದು ಕ್ಲೋರೈಡ್ ಎಂಬ ಬೇರೆ ಜೋಡಿಯೇ ಇಲ್ಲ; ಹಾಗಾಗಿ ನೀವು ‘ಉಪ್ಪಿನ ಅಣು’ ಎಂದದ್ದೂ ಸರಿಯಲ್ಲ.

ಇನ್ನು, ನಮ್ಮ ಉಡುಪಿಯ ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರಾಗುವುದು ಈ ಅಯಾನುಗಳ ನಡುವಿನ ಬಂಧ ಸಡಿಲ ಅಂತಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ (ಗಾಳಿಯಲ್ಲಿ ಇರಬಹುದಾದ ಗರಿಷ್ಠ ನೀರಾವಿಯಲ್ಲಿ ಈಗ ಇರುವ ಪಾಲು) ಶೇ. 75 ದಾಟಿದರೆ ಶುದ್ಧ ಉಪ್ಪೂ ತೇವ ಎಳೆದುಕೊಂಡು ಕರಗುತ್ತದೆ. ಕಲ್ಲುಪ್ಪಿನಲ್ಲಿ ಉಳಿದ ಮೆಗ್ನೀಸಿಯಂ ಕ್ಲೋರೈಡ್‌ಗಂತೂ ಶೇ. 33 ಸಾಕು.