ಮರಳಿನ ತಟ್ಟೆ, ನಾಲ್ಕು ಗೆರೆಯ ಪುಸ್ತಕ

ಪುಟ್ಟಿಯ ಎಲ್‌ಕೆಜಿ ನೋಟ್‌ಬುಕ್ಕನ್ನು ಅರಸೀಕೆರೆಯಿಂದ ಇಂಗ್ಲೆಂಡಿಗೆ ನಾನೇ ಕೈಚೀಲದಲ್ಲಿಟ್ಟುಕೊಂಡು ತಂದಿದ್ದೆ. ಬ್ರೌನ್ ಪೇಪರ್ ಬೈಂಡ್ ಹಾಕಿ ಲೇಬಲ್ ಅಂಟಿಸಿದ್ದ ನಾಲ್ಕು ಗೆರೆಯ ಪುಸ್ತಕ. ಒಳಗೆ ಎ ಯಿಂದ ಝಡ್‌ವರೆಗೆ ಮುತ್ತು ಪೋಣಿಸಿದ ಹಾಗೆ ಅಕ್ಷರ. ಪುಟಕ್ಕೊಂದು ಕೆಂಪು ಇಂಕಿನ 'ಗುಡ್'. ನಾಲ್ಕೂವರೆ ವರ್ಷದ ಮಗು ಅಂಬ್ರೆಲ್ಲಾದ ಸ್ಪೆಲ್ಲಿಂಗನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಇಲ್ಲಿನ ಶಾಲೆಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಕಾ ಅಂದುಕೊಂಡಿದ್ದೆ.

ನಾವಿರುವುದು ರೆಡಿಂಗ್ ಊರಿನಲ್ಲಿ. ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ. ಇಲ್ಲಿ ಒಂದನೇ ತರಗತಿಗೂ ಮುಂಚೆ ರಿಸೆಪ್ಷನ್ ಅಂತ ಒಂದು ವರ್ಷ ಇರುತ್ತದೆ. ಸೇರಿಸುವ ದಿನ ಟೀಚರ್ ಮುಂದೆ ಆ ಪುಸ್ತಕ ಇಟ್ಟೆ. ಅವರು ಒಂದೊಂದೇ ಪುಟ ತಿರುವಿ ನೋಡಿದರು. 'ಅಕ್ಷರ ತುಂಬಾ ಚೆನ್ನಾಗಿದೆ' ಅಂದರು. ಆಮೇಲೆ ಪುಸ್ತಕ ಮುಚ್ಚಿ, 'ಇವಳಿಗೆ ಯಾವುದರ ಬಗ್ಗೆ ಮಾತಾಡೋದು ಇಷ್ಟ?' ಅಂತ ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ಕನ್ನಡದಲ್ಲಾದರೆ ಅವಳ ಬಾಯಿ ನಿಲ್ಲುವುದೇ ಇಲ್ಲ. ಅಜ್ಜಿ ಮನೆಯ ಕರು, ತೆಂಗಿನ ತೋಟದ ನವಿಲು, ಸಂತೆಯ ಬೆಂಡು ಬತ್ತಾಸು. ಇಂಗ್ಲಿಷಿನಲ್ಲಿ? ಹೆಸರು ಕೇಳಿದರೆ 'ಮೈ ನೇಮ್ ಈಸ್' ಅಂತ ಶುರು ಮಾಡಿ ಪೂರ್ತಿ ಹೇಳುತ್ತಿದ್ದಳು. ಅಷ್ಟೇ. ವರ್ಷವಿಡೀ ಬರೆದಿದ್ದಳು, ಇಂಗ್ಲಿಷಿನಲ್ಲಿ ನೀರು ಕೇಳುವುದು ಗೊತ್ತಿರಲಿಲ್ಲ.

ಮೊದಲ ತಿಂಗಳು ದಿನಾ ಸಂಜೆ ಅವಳ ಕಾಲುಚೀಲ ಕೊಡವಿದರೆ ಮರಳು ಬೀಳುತ್ತಿತ್ತು. ಹೋಮ್‌ವರ್ಕ್ ಇಲ್ಲ, ಕಾಪಿ ರೈಟಿಂಗ್ ಇಲ್ಲ. 'ಇವರು ಪಾಠ ಮಾಡ್ತಾರೋ ಇಲ್ವೋ' ಅಂತ ಮನೆಯಾಕೆಗೆ ಚಿಂತೆ. ನನಗೂ ಒಳಗೊಳಗೇ ಇತ್ತು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅಪ್ಪ ಅಮ್ಮಂದಿರು ಬಂದು ತರಗತಿ ನೋಡಬಹುದು ಅಂದಾಗ ಹೋಗಿ ಕೂತೆ.

ಗೋಡೆಯ ಪಕ್ಕ ಮೇಜು, ಅದರ ಮೇಲೆ ಅಗಲವಾದ ತಟ್ಟೆಗಳಲ್ಲಿ ಒಣ ಮರಳು. ಮಕ್ಕಳು ಕೈಯನ್ನು ಹಾವಿನ ಹಾಗೆ ಆಡಿಸುತ್ತಾ 'ಸ್ಸ್ಸ್' ಅನ್ನುತ್ತಾರೆ, ಅದೇ ಬೆರಳಿನಿಂದ ಮರಳಿನಲ್ಲಿ ಹಾವಿನಂಥ ಅಕ್ಷರ ಬರೆಯುತ್ತಾರೆ. ತಟ್ಟೆ ಅಲುಗಿಸಿದರೆ ಅಕ್ಷರ ಮಾಯ. ಮತ್ತೆ ಬರೆಯುತ್ತಾರೆ. ತಪ್ಪಾದರೂ ಅಷ್ಟೇ, ಒಮ್ಮೆ ಅಲುಗಿಸಿದರೆ ಆಯಿತು. ರಬ್ಬರ್ ಬೇಡ, ಕೆಂಪು ಇಂಕು ಬೇಡ.

ಇಲ್ಲಿ ಎ, ಬಿ, ಸಿ ಅಂತ ಸಾಲಾಗಿ ಕಲಿಸುವುದಿಲ್ಲ. ಮೊದಲು ಎಸ್, ಎ, ಟಿ, ಪಿ, ಐ, ಎನ್. ಅದೂ ಅಕ್ಷರದ ಹೆಸರಲ್ಲ, ಅದರ ಸದ್ದು. ಆರೇ ಸದ್ದಿನಲ್ಲಿ ಟ್ಯಾಪ್, ಪ್ಯಾಟ್, ನ್ಯಾಪ್, ಸಿಪ್ ಎಲ್ಲಾ ಓದಬಹುದು. ಓದಿದ ಕೂಡಲೇ ಮಾಡುತ್ತಾರೆ. ಟ್ಯಾಪ್ ಅಂತ ಓದಿದವನು ಮೇಜು ತಟ್ಟುತ್ತಾನೆ, ನ್ಯಾಪ್ ಓದಿದವಳು ಕಣ್ಣು ಮುಚ್ಚಿ ಮಲಗುತ್ತಾಳೆ. ಒಂದು ಪೆಟ್ಟಿಗೆ, ಒಂದು ಕರಡಿ ಗೊಂಬೆ. ಕರಡಿ ಒಳಗೆ, ಮೇಲೆ, ಕೆಳಗೆ, ಪಕ್ಕದಲ್ಲಿ. ಮಕ್ಕಳೇ ಇಡುತ್ತಾರೆ, ಮಕ್ಕಳೇ ಹೇಳುತ್ತಾರೆ. ಆ ತರಗತಿಯಲ್ಲಿ ನೇಪಾಳಿ ಮಾತಾಡುವ ಮಕ್ಕಳಿದ್ದರು, ಪೋಲಿಷ್, ಪಂಜಾಬಿ ಇದ್ದರು, ನಮ್ಮ ಪುಟ್ಟಿ ಇದ್ದಳು. ಯಾರಿಗೂ ಯಾರೂ ಅರ್ಥ ಬಿಡಿಸಿ ಹೇಳಲಿಲ್ಲ. ಕರಡಿ ಮೇಜಿನ ಕೆಳಗಿದ್ದರೆ ಕೆಳಗಿದೆ, ಅದಕ್ಕೆ ಅನುವಾದ ಯಾಕೆ ಬೇಕು?

ಆವತ್ತು ಕೂತಲ್ಲೇ ನನಗೆ ಸಿಟ್ಟು ಬಂತು, ನಮ್ಮವರ ಮೇಲೆ. ಸದ್ದಿನಿಂದ ಓದು ಕಲಿಸುವುದು ನಮಗೆ ಹೊಸದಾ? 'ಕ' ಅನ್ನುವ ಅಕ್ಷರದ ಹೆಸರೂ ಕ, ಸದ್ದೂ ಕ. ಕಾಗುಣಿತ ಹೇಳಿಕೊಂಡು ಬೆಳೆದ ಮಗುವಿಗೆ ಸದ್ದು ಕೂಡಿಸುವುದು ನೀರು ಕುಡಿದಷ್ಟು ಸಲೀಸು. ಅಂಥ ಮಗುವನ್ನು ಕೂರಿಸಿಕೊಂಡು 'ಸಿ ಎ ಟಿ ಕ್ಯಾಟ್' ಅಂತ ಉರು ಹೊಡೆಸುತ್ತೇವೆ. ಸಿ, ಎ, ಟಿ ಮೂರನ್ನೂ ಬೇಗ ಬೇಗ ಹೇಳಿ ನೋಡಿ, ಸೀಏಟೀ ಆಗುತ್ತದೆಯೇ ಹೊರತು ಕ್ಯಾಟ್ ಆಗುವುದಿಲ್ಲ. ಹಾಗಾಗಿ ಮಗು ಬಾಯಿಪಾಠ ಮಾಡುತ್ತದೆ. ಬೇರೇನು ಮಾಡಬೇಕು ಅದು?

ಇನ್ನು ಮರಳು. ಅದು ಇವರಿಗೆ ನಮ್ಮ ಕಡೆಯಿಂದಲೇ ಹೋದದ್ದು. ಮದ್ರಾಸಿನ ಎಗ್ಮೋರಿನಲ್ಲಿ ಗಂಡುಮಕ್ಕಳ ಅನಾಥಾಲಯವೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಒಂದು ದಿನ ಕುದುರೆ ಮೇಲೆ ಹೋಗುವಾಗ ಊರ ಶಾಲೆಯ ಮಕ್ಕಳು ನೆಲದಲ್ಲಿ ಕೂತು ಬೆರಳಿನಿಂದ ಮರಳಿನಲ್ಲಿ ಬರೆಯುವುದನ್ನು ನೋಡಿದರಂತೆ. ತಮ್ಮ ಶಾಲೆಯಲ್ಲೂ ಅದನ್ನೇ ಮಾಡಿಸಿದರು. ಇಂಗ್ಲೆಂಡಿಗೆ ಮರಳಿ 1797ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದರು. ಇಲ್ಲಿನ ಬಡವರ ಶಾಲೆಗಳಿಗೆ ಮರಳು ಹೊಕ್ಕಿದ್ದು ಹಾಗೆ. ನಮ್ಮ ಮುತ್ತಾತ ಕೂಲಿಮಠದಲ್ಲಿ ಮರಳಿನ ಮೇಲೇ ತಿದ್ದಿದವರು. ನಾವು ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುತ್ತೇವೆ, ಫೋಟೋ ತೆಗೆಯುತ್ತೇವೆ, ಮಾರನೇ ದಿನದಿಂದ ನಾಲ್ಕು ಗೆರೆಯ ಪುಸ್ತಕ. ಅಕ್ಕಿಯ ತಟ್ಟೆ ಇನ್ನೊಂದು ಆರು ತಿಂಗಳು ಇದ್ದಿದ್ದರೆ ಏನು ಹೋಗುತ್ತಿತ್ತು?

ಆದರೂ ಪುಟ್ಟಿ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಕ್ರಿಸ್‌ಮಸ್ ಬಂತು, ಹೋಯಿತು. ಎಲ್ಲಾ ಮಾಡುತ್ತಾಳೆ, ಮಾತಿಲ್ಲ. ಟೀಚರಿಗೆ ಗಾಬರಿಯೇ ಇಲ್ಲ. 'ಕಿವಿ ತುಂಬಿಕೊಳ್ಳುತ್ತಿದೆ, ಒತ್ತಾಯ ಮಾಡಬೇಡಿ' ಅಂದರು. ಇನ್ನೊಂದು ಮಾತು ಹೇಳಿದರು. 'ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಮಾತಾಡಿ, ಕಥೆ ಹೇಳಿ. ಅದು ಗಟ್ಟಿಯಿದ್ದರೆ ಇದು ತಾನಾಗಿ ಬರುತ್ತದೆ.' ಅದೇ ವಾರ ಊರಿನಿಂದ ತಮ್ಮ ಫೋನ್ ಮಾಡಿದ್ದ. ಅವನ ಮಗನ ಶಾಲೆಯಿಂದ ಚೀಟಿ ಬಂದಿತ್ತು, ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಅಂತ. ನಾದಿನಿ ಪಾಪ, 'ಹ್ಯಾಂಡ್ ವಾಶ್ ಮಾಡು, ಮಿಲ್ಕ್ ಕುಡಿ' ಅಂತ ಕಷ್ಟಪಡುತ್ತಿದ್ದಳು. ಹಿಂದೆ ಟಿವಿಯ ಸದ್ದು, ಹುಡುಗ ಮಾತ್ರ ಸುಮ್ಮನಿದ್ದ. ಸುಮಾರು ಐದು ಸಾವಿರ ಮೈಲಿ ಈಚೆಯ ಇಂಗ್ಲಿಷ್ ಟೀಚರ್ ಕನ್ನಡ ಬಿಡಬೇಡಿ ಅನ್ನುತ್ತಾರೆ, ಅರಸೀಕೆರೆಯವರು ಬಿಡಿ ಅನ್ನುತ್ತಾರೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಫೆಬ್ರವರಿಯ ರಜೆ ಮುಗಿದ ವಾರ ತರಗತಿಯಲ್ಲಿ ಸೂಪ್ ಮಾಡುವ ದಿನ. ಸಹಾಯಕ್ಕೆ ಬನ್ನಿ ಅಂದಿದ್ದರು, ಹೋದೆ. ಪುಟ್ಟಿಯ ಗುಂಪಿಗೆ ಒಂದು ಬುಟ್ಟಿ ಬಟಾಣಿ ಕಾಯಿ. ಮಿಕ್ಕ ಮಕ್ಕಳಿಗೆ ಅದನ್ನು ಬಿಡಿಸಿ ಗೊತ್ತಿಲ್ಲ. ಒಬ್ಬ ಹಲ್ಲಿನಿಂದ ಕಚ್ಚುತ್ತಿದ್ದ, ಒಬ್ಬಳು ಎರಡೂ ತುದಿ ಹಿಡಿದು ಎಳೆಯುತ್ತಿದ್ದಳು. ಪುಟ್ಟಿ ಅವರನ್ನೇ ನೋಡಿದಳು. ಅವರೆಕಾಯಿ ಕಾಲದಲ್ಲಿ ಅಜ್ಜಿಯ ಮೊರದ ಮುಂದೆ ಕೂತು ಸುಲಿದ ಕೈ ಅದು. ಒಂದು ಕಾಯಿ ತೆಗೆದುಕೊಂಡಳು. ಬೆನ್ನಿನ ಗೆರೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಟಪ್ ಅಂತ ಬಾಯಿ ಬಿಟ್ಟಿತು. ಬೆರಳು ಜಾರಿಸಿದಳು, ಏಳು ಕಾಳು ಬಟ್ಟಲಿಗೆ. ಪಕ್ಕದ ನೇಪಾಳಿ ಹುಡುಗ ಬಗ್ಗಿ ನೋಡಿದ. ಅವನ ಹೆಬ್ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ತಂದು ಪುಟ್ಟಿ ಅಂದಳು: 'ನೋ, ನೋ. ಲುಕ್. ಪುಶ್ ಹಿಯರ್.'

ಟೀಚರ್ ನನ್ನ ಕಡೆ ನೋಡಿದರು. ಏನೂ ಅನ್ನಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಇನ್ನೊಂದು ಹಿಡಿ ಕಾಯಿ ತಂದು ಅವಳ ಮುಂದೆ ಹಾಕಿದರು. ಅವಳು ಹೇಳುತ್ತಲೇ ಹೋದಳು. ಪುಶ್, ಓಪನ್, ಒನ್ ಮೋರ್, ಯುವರ್ ಟರ್ನ್. ಐದು ತಿಂಗಳು ಕೇಳಿಸಿಕೊಂಡದ್ದೆಲ್ಲ ಆ ಬುಟ್ಟಿಯ ಮುಂದೆ ಹೊರಗೆ ಬಂತು. ಕಲಿಸಿದ್ದು ಇವರೇ, ಒಪ್ಪುತ್ತೇನೆ. ಆದರೆ ನಮ್ಮಮ್ಮ ಮೊರದ ಮುಂದೆ ಕೂರಿಸಿಕೊಳ್ಳದೇ ಇದ್ದಿದ್ದರೆ ಅವಳಿಗೆ ಹೇಳೋದಕ್ಕೆ ಏನಿರುತ್ತಿತ್ತು?

ಇದನ್ನೆಲ್ಲ ನನ್ನ ಸೋದರತ್ತೆಗೆ ಫೋನಿನಲ್ಲಿ ಉತ್ಸಾಹದಿಂದ ಹೇಳಿದೆ. ಅವರು ಹಾಸನದ ಹತ್ತಿರ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಕೇಳಿ ಮುಗಿಸಿ, 'ಅದರಲ್ಲೇನು ಹೊಸದು ಕಣೋ? ನಾವು ಹುಣಸೆ ಬೀಜದಲ್ಲಿ ಅಕ್ಷರ ಜೋಡಿಸ್ತೀವಿ' ಅಂದರು. ಅತ್ತೆ ಹೇಳಿದ್ದು ನಲಿಕಲಿಯ ಮಾತು, ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಡಿಸಿ ಕಲಿಸುವ ಪದ್ಧತಿ. ಅದು ಶುರುವಾಗಿದ್ದು 1995ರಲ್ಲಿ, ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲಿ. ಕಾರ್ಡು, ಹಾಡು, ಆಟ, ನೆಲದ ಮೇಲೆ ಗುಂಪು ಗುಂಪಾಗಿ ಕಲಿಕೆ. ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದಿದ್ದು 2007ರಲ್ಲಿ. ಆಮೇಲೆ ಅತ್ತೆ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಒಂದು ತಿಂಗಳು ತರಬೇತಿಯನ್ನೂ ಮಾಡಿ ಬಂದವರು. 'ನಿನ್ನ ಮಗಳ ಕ್ಲಾಸಲ್ಲಿ ಎಷ್ಟು ಮಕ್ಕಳು?' ಅಂತ ಕೇಳಿದರು. ಮೂವತ್ತು ಅಂದೆ. ಅದಕ್ಕಿಂತ ಜಾಸ್ತಿ ಇರಬಾರದು ಅಂತ ಇಲ್ಲಿ 1998ರಿಂದ ಕಾನೂನೇ ಇದೆ. ಟೀಚರ್ ಜೊತೆಗೆ ಇನ್ನೊಬ್ಬರು ಸಹಾಯಕಿ ಬೇರೆ. 'ನನಗೆ ಒಂದು, ಎರಡು, ಮೂರು, ಮೂರೂ ಕ್ಲಾಸು ಒಂದೇ ರೂಮಲ್ಲಿ. ಮಧ್ಯ ಬಿಸಿಯೂಟದ ಲೆಕ್ಕ. ಆದ್ರೂ ಹುಣಸೆ ಬೀಜ ಬಿಟ್ಟಿಲ್ಲ' ಅಂದರು. ಅತ್ತೆ ಮಾತಿಗೆ ನಾನು ಉತ್ತರ ಕೊಡಲಿಲ್ಲ. ನಾನು ಪುಟ್ಟಿಯನ್ನು ಸೇರಿಸಿದ್ದು ಅವರಂಥವರ ಶಾಲೆಗಲ್ಲ. ಫೀಸು ಕಟ್ಟಿ, ಟೈ ಹಾಕಿಸಿ, ನಾಲ್ಕು ಗೆರೆಯ ಪುಸ್ತಕದವರ ಹತ್ತಿರ.

ಇಲ್ಲಿಯದೆಲ್ಲ ಚಿನ್ನ ಅಂತಲೂ ಅಲ್ಲ. ಪುಟ್ಟಿ ಈಗ ಇಯರ್ ಒನ್. ಜೂನಿನಲ್ಲಿ ಇವಳ ವಯಸ್ಸಿನ ಎಲ್ಲ ಮಕ್ಕಳಿಗೂ ಒಂದು ಓದಿನ ಪರೀಕ್ಷೆ. 2012ರಿಂದ ನಡೆಯುತ್ತಿದೆ. ನಲವತ್ತು ಪದ, ಅದರಲ್ಲಿ ಇಪ್ಪತ್ತಕ್ಕೆ ಅರ್ಥವೇ ಇಲ್ಲ, ಸದ್ದು ಕೂಡಿಸಲು ಬರುತ್ತದಾ ಅಂತ ನೋಡಲು ಹುಟ್ಟಿಸಿದ ಪದಗಳು. ಆಡಿ, ಮುಟ್ಟಿ, ಬೇಯಿಸಿ ಕಲಿತ ಮಗುವಿಗೆ ಕೊನೆಗೆ ಅರ್ಥವಿಲ್ಲದ ಪದ ಓದಿಸುವುದು ನನಗೆ ಒಗ್ಗುವುದಿಲ್ಲ. ಕೈಬರಹವೂ ಕೆಟ್ಟಿದೆ. ಆ ಬ್ರೌನ್ ಪೇಪರ್ ಪುಸ್ತಕ ತೆಗೆದು ನೋಡಿದರೆ ಈಗಲೂ ಕಣ್ಣಿಗೆ ಹಿತ. ಬರೆಸಿದವರು ಕೆಟ್ಟವರಲ್ಲ, ಅವರಿಗೆ ಗೊತ್ತಿದ್ದ ದಾರಿ ಅದೊಂದೇ ಇತ್ತು.

ಭಾನುವಾರ ಬೆಳಿಗ್ಗೆ ಈಗ ನಮ್ಮ ಮನೆಯಲ್ಲಿ ಕನ್ನಡ ಕ್ಲಾಸು. ಊಟದ ತಟ್ಟೆಯಲ್ಲಿ ಚಿರೋಟಿ ರವೆ ಹರಡುತ್ತೇನೆ. ಬೆರಳಲ್ಲಿ ಬರೆಯುತ್ತಾಳೆ, ಒಂದೊಂದು ಅಕ್ಷರಕ್ಕೂ ಶಾಲೆಯ ಹಾಗೆ ಒಂದು ಕೈಸನ್ನೆ ಬೇಕು ಅನ್ನುತ್ತಾಳೆ. 'ಹ'ಗೆ ಅಂಗೈಗೆ ಬಿಸಿ ಉಸಿರು ಬಿಡುವುದು, 'ಮ'ಗೆ ಹೊಟ್ಟೆ ಸವರಿಕೊಳ್ಳುವುದು. ಹೋದ ವಾರ 'ಬೇಳೆ' ಬರೆಯುವಾಗ ನಿಂತಳು. 'ಅಪ್ಪಾ, ಳ ಗೆ ಏನು ಮಾಡೋದು?' ನನಗೆ ಹೊಳೆಯಲಿಲ್ಲ. ಅವಳೇ ಎರಡು ಮೂರು ಸಲ ಳ, ಳ ಅಂದುಕೊಂಡಳು. ಬಾಯೊಳಗೆ ನಾಲಿಗೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿಕೊಂಡಳು. ಆಮೇಲೆ ರವೆ ಮೆತ್ತಿದ ತೋರುಬೆರಳನ್ನು ಹಿಂದಕ್ಕೆ ಮಡಚಿ ನನ್ನ ಮುಂದೆ ಹಿಡಿದಳು.