ಸಿಂಪಡಿಸಿದರೆ ಹೋಗುವ ವೈರಸ್ ಯಾವುದಯ್ಯಾ?

ದ್ರಾಕ್ಷಿ ತೋಟದ ನಡುವೆ ನಿಂತು, ಕೆಂಪಾಗಿ ಅಂಚು ಕೆಳಕ್ಕೆ ಸುರುಳಿಗೊಂಡ ಎಲೆಯನ್ನು ಒಂದು ಕೈಯಲ್ಲೂ ಬಾಟಲಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು, "ಎರಡೇ ಸಿಂಪಡಣೆ, ವೈರಸ್ ಮಾಯ" ಎಂದು ಸಾರುವ ಮಹನೀಯರೊಬ್ಬರ ವಿಡಿಯೊವನ್ನು ಇಂದು ಬೆಳಿಗ್ಗೆಯಿಂದ ಅನೇಕರು ನನಗೆ ಕಳುಹಿಸಿದ್ದಾರೆ. ಗಿಡಗಳ ರೋಗ ನೋಡುವುದೇ ನನ್ನ ಕಸುಬೆಂದು ಬಲ್ಲವರೇ "ಇದು ಎಲ್ಲಿ ಸಿಗುತ್ತದೆ?" ಎಂದು ಕೇಳಿರುವುದರಿಂದ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸಿ ಸ್ನೇಹ ಕೆಡಿಸಿಕೊಳ್ಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ. ತೋಟದಲ್ಲಿರುವ ಗಿಡಕ್ಕೆ ತಗುಲಿದ ವೈರಸ್ಸನ್ನು ಸಿಂಪಡಣೆಯಿಂದ ತೆಗೆಯುವ ಔಷಧಿ ಇಲ್ಲ. ದ್ರಾಕ್ಷಿಗೂ ಇಲ್ಲ, ಪಪ್ಪಾಯಿಗೂ ಇಲ್ಲ, ಬಾಳೆಗೂ ಇಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ಶಿಲೀಂಧ್ರಕ್ಕೆ ತನ್ನದೇ ಆದ ಜೀವಕ್ರಿಯೆ ಇರುತ್ತದೆ, ಅದನ್ನು ಕೆಡಿಸುವ ರಾಸಾಯನಿಕವೂ ಇರುತ್ತದೆ. ವೈರಸ್ ಗಿಡದ ಜೀವಕೋಶದ ಒಳಗೆ, ಗಿಡದ ಯಂತ್ರಾಂಗವನ್ನೇ ಬಳಸಿಕೊಂಡು ಹೆಚ್ಚುತ್ತದೆ. ಅದನ್ನು ನಿಲ್ಲಿಸಲು ಹೊರಟರೆ ಮೊದಲು ಸಾಯುವುದು ಗಿಡ. ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಲ್ಲಿ ಹಾಯಿಸಿದ, ರೋಗ ತಗುಲಿದ ತಂಬಾಕಿನ ರಸವೂ ರೋಗ ಹಚ್ಚುತ್ತದೆ, ಆ ರೋಗಕಾರಕ ಜೀವಂತ ಕೋಶಗಳಲ್ಲಿ ಮಾತ್ರ ವೃದ್ಧಿಯಾಗುತ್ತದೆ ಎಂದು ಡಚ್ ವಿಜ್ಞಾನಿ ಬೇಯರಿಂಕ್ 1898ರಲ್ಲೇ ಹೇಳಿದ್ದರು. ಈ ಸುದ್ದಿ ಬಾಟಲಿಯ ಮಹನೀಯರಿಗೆ ಇನ್ನೂ ತಲುಪಿದಂತಿಲ್ಲ.

"ಆದರೆ ಸಿಂಪಡಿಸಿದ ಮೇಲೆ ಎಲೆ ಹಸಿರಾಯಿತಲ್ಲ, ಕಣ್ಣಾರೆ ಕಂಡಿದ್ದೇವೆ" ಎನ್ನುವವರಿದ್ದಾರೆ. ಕಂಡಿರುತ್ತೀರಿ, ನಾನು ಅಲ್ಲಗಳೆಯುವುದಿಲ್ಲ. ದ್ರಾಕ್ಷಿಯ ಎಲೆಸುರುಳಿ ರೋಗದ (ವಿಡಿಯೊದ ಎಲೆಯಲ್ಲಿ ಕಾಣುವಂಥ ವೈರಸ್ ರೋಗ) ಲಕ್ಷಣ ಹಣ್ಣು ಬಣ್ಣಕ್ಕೆ ತಿರುಗುವ ಹೊತ್ತಿಗೆ ಬುಡದ ಹಳೆಯ ಎಲೆಗಳಿಂದ ಶುರುವಾಗಿ ಮೇಲಕ್ಕೇರುತ್ತದೆ. ಚಾಟನಿಯ, ಅಂದರೆ ಬಳ್ಳಿ ಸವರಿದ, ನಂತರ ಬರುವ ಹೊಸ ಚಿಗುರು, ವೈರಸ್ ತುಂಬಿದ ಬಳ್ಳಿಯಲ್ಲೂ ಹಸಿರಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಬರಿಯ ನೀರು ಸಿಂಪಡಿಸಿ ವಿಡಿಯೊ ಮಾಡಿದ್ದರೂ ಫಲಿತಾಂಶ ಇಷ್ಟೇ ಮನೋಹರವಾಗಿರುತ್ತಿತ್ತು. ಬಾಟಲಿಯಲ್ಲಿ ಒಂದಿಷ್ಟು ಪೋಷಕಾಂಶ ಬೆರೆಸಿದ್ದರಂತೂ ಕೇಳುವುದೇ ಬೇಡ.

ನನ್ನ ಸಿಟ್ಟು ದುಡ್ಡು ಹಾಳಾಗುವುದರ ಬಗ್ಗೆ ಮಾತ್ರವಲ್ಲ. "ವಾಸಿಯಾಯಿತು" ಎಂದು ನಂಬಿದ ಬಳ್ಳಿ ತೋಟದಲ್ಲೇ ಉಳಿಯುತ್ತದೆ, ಅದರಿಂದ ಕಡ್ಡಿ ಕತ್ತರಿಸಿ ಮುಂದಿನ ನಾಟಿಗೆ ಕೊಡುತ್ತಾರೆ. ದ್ರಾಕ್ಷಿಯಲ್ಲಿ ಇದುವರೆಗೆ ಗುರುತಿಸಿರುವ ವೈರಸ್‌ಗಳು 80ಕ್ಕೂ ಹೆಚ್ಚು. ಅವು ದೇಶದಿಂದ ದೇಶಕ್ಕೆ ದಾಟಿದ್ದು ಬಹುಪಾಲು ಮನುಷ್ಯರ ಕೈಯಲ್ಲಿದ್ದ ಕಡ್ಡಿಯ ಮೂಲಕ, ಕಸಿಯ ಮೂಲಕ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೇರಿಗೆ ಮುತ್ತುವ ಫಿಲಾಕ್ಸೆರಾ ಕೀಟದಿಂದ ಪಾರಾಗಲು ಯುರೋಪಿನ ತಳಿಗಳನ್ನು ಅಮೆರಿಕದ ಬೇರುಕಾಂಡದ (ಕಸಿಗೆ ಬುಡವಾಗುವ ಗಿಡ) ಮೇಲೆ ಕಸಿ ಮಾಡತೊಡಗಿದಾಗ ಈ ದಾರಿ ಇನ್ನಷ್ಟು ಅಗಲವಾಯಿತು, ಏಕೆಂದರೆ ಅನೇಕ ಬೇರುಕಾಂಡಗಳು ವೈರಸ್ ಹೊತ್ತಿದ್ದರೂ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಬಿಳಿ ದ್ರಾಕ್ಷಿಯ ಎಲೆಗಳಲ್ಲಿಯೂ ತುಸು ಹಳದಿ ಬಿಟ್ಟರೆ ಹೆಚ್ಚೇನೂ ಕಾಣದು. "ನೋಡಲು ಚೆನ್ನಾಗಿದೆ, ಕಡ್ಡಿ ತೆಗೆದುಕೊಂಡು ಹೋಗಿ" ಎನ್ನುವ ಔದಾರ್ಯದ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ರಕ್ತದೊತ್ತಡ ಏರುತ್ತದೆ.

ತೋಟದೊಳಗೆ ಉಳಿದ ಕೆಲಸವನ್ನು ಹಿಟ್ಟು ತಿಗಣೆ ಮಾಡಿ ಮುಗಿಸುತ್ತದೆ. ಅದರ ಮರಿಗಳು ಗಾಳಿಯಲ್ಲಿ, ಕೆಲಸಗಾರರ ಬಟ್ಟೆಯಲ್ಲಿ, ಬುಟ್ಟಿಯಲ್ಲಿ ಸಾಗಿ ಎಲೆಸುರುಳಿ ವೈರಸ್ಸನ್ನು ಸಾಲಿನುದ್ದಕ್ಕೂ ಹಂಚುತ್ತವೆ. ತೊಗಟೆಯಡಿ ಅವಿತ ತಾಯಿ ಕೀಟಕ್ಕೆ ಸಿಂಪಡಣೆ ಸರಿಯಾಗಿ ತಲುಪುವುದೂ ಇಲ್ಲ. ವಿಚಿತ್ರವೆಂದರೆ ಈ ವೈರಸ್ ಚಾಟನಿಯ ಕತ್ತರಿಯಿಂದ ಹರಡುವುದಿಲ್ಲ, ಆದರೂ ಕತ್ತರಿಯನ್ನು ಭಕ್ತಿಯಿಂದ ತೊಳೆಯುವವರು ಕಡ್ಡಿಯ ಮೂಲವನ್ನು ಕೇಳುವುದಿಲ್ಲ. (ಟೊಮೆಟೊ ಬೆಳೆಯುವವರು ದಯವಿಟ್ಟು ತೊಳೆಯಿರಿ, ಅಲ್ಲಿ ಕೈ, ಕತ್ತರಿ ಎರಡೂ ಅಪರಾಧಿಗಳೇ.) ಪಪ್ಪಾಯಿಯ ಉಂಗುರಚುಕ್ಕೆ ವೈರಸ್ಸನ್ನು ಸಸ್ಯಹೇನು ಕೆಲವೇ ಸೆಕೆಂಡುಗಳ ಚುಚ್ಚುವಿಕೆಯಲ್ಲಿ ದಾಟಿಸಿಬಿಡುವುದರಿಂದ, ಕೀಟನಾಶಕ ಆ ಹೇನನ್ನು ಕೊಲ್ಲುವಷ್ಟರಲ್ಲಿ ಅನಾಹುತ ಆಗಿಹೋಗಿರುತ್ತದೆ.

ಹಾಗಾದರೆ ಏನು ಮಾಡಬೇಕು? ಕೀಳಬೇಕು. ದಕ್ಷಿಣ ಆಫ್ರಿಕಾದ ವೆರ್ಗೆಲೆಗೆನ್ ದ್ರಾಕ್ಷಿ ತೋಟದಲ್ಲಿ ಶುದ್ಧ ಸಸಿ ನೆಟ್ಟು, ಹಿಟ್ಟು ತಿಗಣೆಯನ್ನು ಹತೋಟಿಯಲ್ಲಿಟ್ಟು, ರೋಗ ಕಂಡ ಬಳ್ಳಿಯನ್ನು ವರ್ಷ ವರ್ಷವೂ ಕಿತ್ತು ಎಲೆಸುರುಳಿಯನ್ನು ಬಹುತೇಕ ಶೂನ್ಯಕ್ಕೆ ಇಳಿಸಿದರು. 1999ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿಕೊಂಡ, ಪ್ಲಮ್, ಪೀಚ್ ಮರಗಳಿಗೆ ತಗುಲುವ ಪ್ಲಮ್ ಪಾಕ್ಸ್ ವೈರಸ್ಸನ್ನು ಮರ ಕಡಿಯುತ್ತಲೇ ಬೆನ್ನಟ್ಟಿ, ಅಮೆರಿಕ ಅದರಿಂದ ಮುಕ್ತವಾಗಿದೆ ಎಂದು ಘೋಷಿಸಲು 2019 ಬರಬೇಕಾಯಿತು. ಕಡಿದರೆ ಸದಾ ಗೆಲುವೆಂದು ನಾನು ಹೇಳುವುದಿಲ್ಲ: ಘಾನಾದಲ್ಲಿ ಕೋಕೋ ಮರಗಳನ್ನು ಕೋಟಿಗಟ್ಟಲೆ ಕಡಿದರೂ ಊದುಕಾಂಡ ವೈರಸ್ ತೊಲಗಿಲ್ಲ, ಹವಾಯಿಯ ಪಪ್ಪಾಯಿಯನ್ನು ಉಳಿಸಿದ್ದು 1998ರಲ್ಲಿ ಬೆಳೆಗಾರರ ಕೈಗೆ ಬಂದ, ವೈರಸ್ಸಿನದೇ ಜೀನ್ ಸೇರಿಸಿದ ನಿರೋಧಕ ತಳಿ. ಆದರೆ ಗಮನಿಸಿ, ಅಲ್ಲಿಯೂ ಪರಿಹಾರ ಬಂದದ್ದು ಬೀಜದೊಳಗೆ. ಶಾಖ ಚಿಕಿತ್ಸೆ ಕೊಟ್ಟು, ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಚಿಗುರುತುದಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ವೈರಸ್ ಇಲ್ಲದ ಸಸಿ ಪಡೆಯುವುದು ಸಾಧ್ಯ. ಅದರಿಂದ ತಳಿ ಉಳಿಯುತ್ತದೆ, ನಿಮ್ಮ ತೋಟದ ಬಳ್ಳಿಯಲ್ಲ.

ನಿಜ ಹೇಳಲೇ? ಆ ಬಾಟಲಿಯವರ ಮೇಲೆ ನನಗೆ ಸ್ವಲ್ಪ ಅಸೂಯೆಯೂ ಇದೆ. ಅವರ ಬಳಿಯಿಂದ ಬೆಳೆಗಾರರು ನಗುತ್ತಾ ಹೊರಡುತ್ತಾರೆ. ಮಗುವಿನಂತೆ ಸಾಕಿದ ಫಸಲು ಬಿಡುವ ಬಳ್ಳಿಯನ್ನು ಬೇರುಸಹಿತ ಕೀಳಿ ಎಂದು ಹೇಳುವ ನನ್ನ ಮುಖವನ್ನು ಅವರು ಇನ್ನೊಮ್ಮೆ ನೋಡಲು ಬಯಸುವುದಿಲ್ಲ.

ಕೊನೆಗೆ, ಪರೀಕ್ಷೆಗೆ ಮಾದರಿ ಕಳುಹಿಸುವವರಿಗೆ ಒಂದು ಮಾತು. ಎಲೆಸುರುಳಿಯ ಶಂಕೆಯಿದ್ದರೆ ಋತುವಿನ ಕೊನೆಯಲ್ಲಿ ಬುಡದ ಹಳೆಯ ಎಲೆಗಳ ತೊಟ್ಟನ್ನೋ ಬಲಿತ ಕಡ್ಡಿಯನ್ನೋ ಕಳುಹಿಸಿ. ಎಳೆ ಚಿಗುರಿನಲ್ಲಿ ವೈರಸ್ ಅಂಶ ತೀರ ಕಡಿಮೆ ಇರುವುದರಿಂದ, ರೋಗವಿದ್ದ ಬಳ್ಳಿಗೂ "ಇಲ್ಲ" ಎಂಬ ವರದಿ ಬರಬಹುದು, ಮತ್ತು ಆ ವರದಿಯನ್ನು ನಂಬಿ ನೀವು ಅದೇ ಬಳ್ಳಿಯಿಂದ ಕಡ್ಡಿ ಕತ್ತರಿಸುತ್ತೀರಿ.